ಹೆಬ್ಬೆಟ್ಟಿಗೆ ಹಸಿರು ದೀಪ

ಮಣಿಪಾಲದ ನಮ್ಮ ಆಫೀಸಿನಲ್ಲಿ ಗಾಜಿನ ಗೋಡೆಯ ಒಂದು ಕೋಣೆ ಇದೆ. ಬಾಗಿಲ ಮೇಲೆ ‘ಇನ್ನೊವೇಶನ್ ಸೆಲ್’ ಎಂಬ ಬೋರ್ಡು. ಹೊಸ ಯೋಚನೆಗಳನ್ನು ಹಳದಿ ಚೀಟಿಗಳಲ್ಲಿ ಬರೆದು ಆ ಗಾಜಿಗೆ ಅಂಟಿಸುವುದು ನನ್ನ ಕೆಲಸ. ಎಸಿ ಗಾಳಿಗೆ ವಾರದೊಳಗೆ ಅರ್ಧ ಚೀಟಿಗಳು ಉದುರುತ್ತವೆ. ಗುಡಿಸಲು ಬರುವ ಹೆಂಗಸು ಅವನ್ನೆಲ್ಲ ಹೆಕ್ಕಿ, “ಇದು ಬೇಕಾ ಮೇಡಂ?” ಎಂದು ಕೇಳುತ್ತಾಳೆ. ಬೇಕು ಎಂದು ಹೇಳುವ ಧೈರ್ಯ ನನಗೆ ಒಂದು ದಿನವೂ ಬಂದಿಲ್ಲ.

ನಮ್ಮ ಜನರಲ್ ಮ್ಯಾನೇಜರ್ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ. ಅವರು ಯಾರ ಮೇಲೂ ದನಿ ಏರಿಸಿದವರಲ್ಲ, ಯಾರಿಗೂ ‘ಆಗುವುದಿಲ್ಲ’ ಎಂದವರಲ್ಲ. ‘ನೋಡುವ’ ಎನ್ನುತ್ತಾರೆ, ಅಷ್ಟೇ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಗೃಹಪ್ರವೇಶಕ್ಕೆ ಕರೆದವರಿಗೂ ‘ನೋಡುವ’, ಸಂಬಂಧ ತಂದವರಿಗೂ ‘ನೋಡುವ’. ನೋಡುವುದಕ್ಕೆ ಏನೂ ಇಲ್ಲ ಎಂಬುದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಕಾಪುವಿನಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಇದು ಸಭ್ಯತೆ. ಕಂಪೆನಿಯಲ್ಲಿ ಇದರಷ್ಟು ಕ್ರೂರವಾದ ಮಾತನ್ನು ನಾನು ಬೇರೆ ಕೇಳಿಲ್ಲ.

ನಮ್ಮದು ಗೇರುಬೀಜದ ಕಂಪೆನಿ. ಫ್ಯಾಕ್ಟರಿ ಇರುವುದು ಕಾರ್ಕಳದ ಹತ್ತಿರ. ಅಲ್ಲಿ ಹೆಂಗಸರು ಹಿಂದಿನಿಂದಲೂ ಗೇಟಿನೊಳಗೆ ಬಂದು, ಹಲಗೆಯ ಮೇಲಿನ ಮೊಳೆಯಿಂದ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದು ಇನ್ನೊಂದು ಹಲಗೆಗೆ ಹಾಕುತ್ತಿದ್ದರು. ಬಿಲ್ಲೆ ಆಚೆ ಹೋದರೆ ಹಾಜರಿ. ಈ ಬಿಲ್ಲೆಯಿಂದ ಯಾರಿಗೂ ಏನೂ ತೊಂದರೆ ಇರಲಿಲ್ಲ. ಆದರೆ ವರ್ಷದ ಕೊನೆಗೆ ನಮ್ಮ ಕೋಣೆಯಿಂದ ಏನಾದರೂ ಹೊಸತು ಹೊರಗೆ ಬರಬೇಕಿತ್ತಲ್ಲ! ಬೆರಳು ಒತ್ತಿದರೆ ಹಾಜರಿ ಹಿಡಿಯುವ ಯಂತ್ರ ಬಂತು.

ಯಂತ್ರಕ್ಕೆ ಎಲ್ಲರ ಹೆಬ್ಬೆಟ್ಟು ತುಂಬಿಸಲು ನಾನೇ ಹೋಗಿದ್ದೆ. ಬಾಯ್ಲರ್ ರಿಪೇರಿಗೆಂದು ಒಂದು ತಿಂಗಳು ಮುಚ್ಚಿದ್ದ ಫ್ಯಾಕ್ಟರಿ ಅಂದು ಬೆಳಿಗ್ಗೆಯಷ್ಟೇ ತೆರೆದಿತ್ತು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವರು ಅಜೆಕಾರಿನಿಂದ ಬರುವ ಒಬ್ಬ ಅಕ್ಕ. ಕಟ್ಟಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದವರು. ಕಾಲಲ್ಲಿ ಪೆಡಲು ಒತ್ತಿ, ಕೈಯಲ್ಲಿ ಒಂದೊಂದೇ ಬೀಜವನ್ನು ಬ್ಲೇಡಿನ ನಡುವೆ ಇಟ್ಟು, ಒಳಗಿನ ತಿರುಳಿಗೆ ಗೀರು ಬೀಳದಂತೆ ಸೀಳುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಯಂತ್ರವನ್ನು ಅವರು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು.

“ನಾನು ಏಳನೇ ಕ್ಲಾಸು ಓದಿದವಳು ಮೇಡಂ. ಚಂದ ಸಹಿ ಹಾಕ್ತೇನೆ. ಈಗ ಹೆಬ್ಬೆಟ್ಟು ಎಂತಕ್ಕೆ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೊದಲ ಎರಡು ವಾರ ಯಂತ್ರ ಎಲ್ಲರ ಗುರುತು ಹಿಡಿಯಿತು. ಪ್ರಯೋಗ ಯಶಸ್ವಿ ಎಂದು ಜನರಲ್ ಮ್ಯಾನೇಜರ್ ಫೋಟೋ ಸಮೇತ ಕಂಪೆನಿಯ ಧನಿಗಳಿಗೆ ವರದಿ ಕಳಿಸಿದರು. ಬಿಲ್ಲೆಗಳನ್ನು ಗೋಣಿಚೀಲದಲ್ಲಿ ತುಂಬಿ ಗುಜರಿಗೆ ಹಾಕಲಾಯಿತು. ಆಮೇಲೆ ಶುರುವಾಯಿತು ನೋಡಿ. ಕಟ್ಟಿಂಗಿನವರು ಒತ್ತಿದರೆ ಕೆಂಪು ದೀಪ. ಮತ್ತೆ ಒತ್ತಿದರೆ ಮತ್ತೆ ಕೆಂಪು. ಒಳಗಿನಿಂದ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಪುನಃ ಪ್ರಯತ್ನಿಸಿ ಎನ್ನುತ್ತಿತ್ತು. ಗೇಟಿನ ಮುಂದೆ ಉದ್ದ ಸಾಲು. ದೀಪ ಹಸಿರಾಗದಿದ್ದರೆ ಗೈರುಹಾಜರು. ಸತತ ಮೂರು ದಿನ ಗೈರುಹಾಜರಾದರೆ ಹೆಡ್ ಆಫೀಸಿನ ಪತ್ರ ಬರುವ ತನಕ ಕೆಲಸಕ್ಕೆ ಬರುವ ಹಾಗಿಲ್ಲ. ಇದು ಯಂತ್ರದ ಜೊತೆಗೇ ಬಂದ ನಿಯಮ. ಅದನ್ನು ಟೈಪು ಮಾಡಿದ್ದು ನಾನೇ.

ಅಜೆಕಾರಿನ ಅಕ್ಕನಿಗೆ ಮೂರು ದಿನವೂ ಕೆಂಪು ಬಿತ್ತು. ಮೂರೂ ದಿನ ಅವರು ಬೀಜ ಸೀಳಿದ್ದರು. ಅವರೆದುರಿನ ಸಿಪ್ಪೆಯ ರಾಶಿ ಎಲ್ಲರಿಗೂ ಕಾಣುತ್ತಿತ್ತು. ಆದರೂ ಕಂಪೆನಿಯ ಕಂಪ್ಯೂಟರಿನಲ್ಲಿ ಅವರು ಬಂದೇ ಇರಲಿಲ್ಲ.

ವಿಷಯ ತಿಳಿದು ನಾನು ಫ್ಯಾಕ್ಟರಿಗೆ ಹೋದಾಗ ಅವರು ಗೇಟಿನ ಹೊರಗೆ ಬುತ್ತಿ ಹಿಡಿದು ನಿಂತಿದ್ದರು. ಕೈ ತೋರಿಸಿ ಅಕ್ಕ ಎಂದೆ. ತೋರಿಸಿದರು. ಬೀಜದ ಸಿಪ್ಪೆಯಲ್ಲಿ ಸುಡುವ ಸೊನೆ ಇರುತ್ತದೆ. ಹರಳೆಣ್ಣೆ ಹಚ್ಚಿಕೊಂಡು ಕುಳಿತರೂ ಅದು ಚರ್ಮವನ್ನು ತಿನ್ನದೆ ಬಿಡುವುದಿಲ್ಲ. ಗ್ಲೌಸು ಹಾಕಿದರೆ ಬೆರಳಿಗೆ ಬೀಜದ ಅಂದಾಜು ಸಿಗುವುದಿಲ್ಲ, ಬ್ಲೇಡಿಗೆ ಬೆರಳೇ ಹೋಗುತ್ತದೆ. ಅವರ ಹೆಬ್ಬೆಟ್ಟಿನ ತುದಿ ಕಪ್ಪಾಗಿ, ನಯವಾಗಿ, ಹುಣಿಸೆಬೀಜದ ಹಾಗೆ ಹೊಳೆಯುತ್ತಿತ್ತು. ಗೆರೆ ಎಂಬುದು ಒಂದೂ ಇರಲಿಲ್ಲ. ಇಪ್ಪತ್ತಾರು ವರ್ಷ ಕೆಲಸ ಮಾಡಿಸಿಕೊಂಡು ಇವರ ಬೆರಳ ಗೆರೆಗಳನ್ನು ತಿಂದವರು ನಾವು. ಈಗ ಗೆರೆ ಎಲ್ಲಿ ಎಂದು ಇವರನ್ನೇ ಕೇಳುವವರೂ ನಾವು!

“ನನ್ನ ಮಗಳಿಗೆ ಅವಳ ಆಫೀಸಿನಲ್ಲಿ ಒಂದು ಕಾರ್ಡು ಕೊಟ್ಟಿದ್ದಾರೆ. ಕುತ್ತಿಗೆಗೆ ಹಾಕ್ಕೊಂಡು ಹೋಗ್ತಾಳೆ, ತೋರಿಸಿದ್ರೆ ಬಾಗಿಲು ತೆರೀತದೆ ಅಂತೆ,” ಎಂದು ಅಕ್ಕ ತುಳುವಿನಲ್ಲಿ ಹೇಳಿದರು. “ಕಟ್ಟಿಂಗಿನವರಿಗೆ ಅದನ್ನೇ ಕೊಡ್ಲಿಕ್ಕೆ ಆಗುದಿಲ್ವಾ ಮೇಡಂ? ನನಗೆ ಬೇರೆ ಎಂತದೂ ಬೇಡ. ನಾನು ಬಂದದ್ದನ್ನು ಬಂದಿದ್ದಾಳೆ ಅಂತ ಬರೀರಿ, ಸಾಕು.”

ನಮ್ಮ ಗಾಜಿನ ಕೋಣೆಯಲ್ಲಿ ಆ ವರ್ಷ ಹುಟ್ಟಿದ ಯಾವ ಯೋಚನೆಗೂ ಇದರ ಕಾಲಂಶ ಬುದ್ಧಿ ಇರಲಿಲ್ಲ. ನಾನು ಎರಡು ಪುಟದ ಟಿಪ್ಪಣಿ ಬರೆದೆ, ಬೆರಳುಗಳ ಫೋಟೋ ಇಟ್ಟೆ, ಮೀಟಿಂಗಿನಲ್ಲಿ ಓದಿದೆ. ಜನರಲ್ ಮ್ಯಾನೇಜರ್ ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು.

“ಪಾಪ,” ಎಂದರು. “ಆದರೆ ಮೊದಲ ಎರಡು ವಾರ ಹಿಡಿದದ್ದು ಈಗ ಯಾಕೆ ಹಿಡಿಯುವುದಿಲ್ಲ? ಒತ್ತುವ ಕ್ರಮ ಸರಿ ಇರಲಿಕ್ಕಿಲ್ಲ. ನೀವು ಒಂದು ತರಬೇತಿ ಕೊಡಿ.”

“ಸರ್, ಕಾರ್ಡಿನ ವಿಷಯ? ಅವರಿಗೆ ಪತ್ರದ ವಿಷಯ?”

“ನೋಡುವ.”

ತರಬೇತಿ ಕೊಟ್ಟೆವು. ಹೆಬ್ಬೆಟ್ಟನ್ನು ಹೇಗೆ ಒತ್ತಬೇಕೆಂದು ಚಿತ್ರ ಬಿಡಿಸಿ, ಲ್ಯಾಮಿನೇಶನ್ ಮಾಡಿ ಗೇಟಿಗೆ ನೇತು ಹಾಕಿದೆವು. ಬೆರಳು ಸವೆದುಹೋದವರಿಗೆ ಬೆರಳು ಇಡುವ ಪಾಠ! ಕಣ್ಣು ಸರಿಯಾಗಿ ಕಾಣದವರೆದುರು ಅಕ್ಷರ ದೊಡ್ಡದು ಮಾಡದೆ, ಕುಳಿತುಕೊಳ್ಳುವ ಭಂಗಿ ತಿದ್ದಿದಂತಾಯಿತು. ಅಷ್ಟರಲ್ಲಿ ಅಕ್ಕ ಮನೆಯಲ್ಲಿ ಕುಳಿತು ಮೂರು ವಾರವಾಗಿತ್ತು. ಅವರನ್ನು ವಾಪಸು ಕರೆಸುವ ಪತ್ರ ಸಹಿಯಾಗದೆ ಜನರಲ್ ಮ್ಯಾನೇಜರರ ಮೇಜಿನ ಮೇಲೆಯೇ ಇತ್ತು.

ಅದೇ ಹೊತ್ತಿಗೆ ಉದ್ಯಮಿಗಳ ಒಂದು ಸಂಘದವರು ನಮ್ಮ ಯಂತ್ರವನ್ನು ಹೊಸತನದ ಪ್ರಶಸ್ತಿಗೆ ಆರಿಸಿದರು. ಉಡುಪಿಯ ಸಭಾಂಗಣದಲ್ಲಿ ಕಾರ್ಯಕ್ರಮ. ವೇದಿಕೆಯಲ್ಲಿ ಒಬ್ಬ ಕಾರ್ಮಿಕ ಮಹಿಳೆ ಹೆಬ್ಬೆಟ್ಟು ಒತ್ತಿ ತೋರಿಸಬೇಕು, ಯಾರಾದರೂ ಹಿರಿಯರನ್ನು ನೀವೇ ಆರಿಸಿ ಎಂದು ಜನರಲ್ ಮ್ಯಾನೇಜರ್ ನನಗೆ ಹೇಳಿದರು. ನನ್ನ ತಲೆಯಲ್ಲಿ ಕೂಡಲೇ ಒಂದು ದುರ್ಬುದ್ಧಿ ಹೊಳೆಯಿತು. ಆ ಗಾಜಿನ ಕೋಣೆಯ ಆರು ವರ್ಷದಲ್ಲಿ ನಾನು ಮಾಡಿದ ಒಂದೇ ಸ್ವಂತ ಯೋಚನೆ ಅದು. ನಾನು ಅಜೆಕಾರಿಗೆ ಹೋದೆ.

“ಅಷ್ಟು ಜನರೆದುರು ಕೆಂಪು ಬಿದ್ದರೆ ಧನಿಗಳಿಗೆ ಅವಮಾನ ಅಲ್ವಾ ಮೇಡಂ?” ಎಂದು ಅಕ್ಕ ಕೇಳಿದರು.

“ಆಗಲಿ ಅಕ್ಕ. ಆಗಲಾದರೂ ಕಣ್ಣು ತೆರೀಲಿ.”

“ಹಾಗಾದ್ರೆ ಕಾರ್ಡು ಕೊಡ್ತಾರಾ?”

“ಕೊಡಲೇಬೇಕಾಗ್ತದೆ,” ಎಂದೆ. ಅವರು ಒಪ್ಪಿದರು. ಅವರಿಗೆ ಬೇಕಾಗಿದ್ದದ್ದು ಕಟ್ಟಿಂಗಿನಲ್ಲಿ ತಮ್ಮ ಜಾಗ ಮಾತ್ರ.

ಆ ದಿನ ಅವರು ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಫ್ಯಾಕ್ಟರಿಯ ಗೇಟಿನಿಂದ ತಂದಿದ್ದ ಯಂತ್ರಕ್ಕೆ ವೇದಿಕೆಯ ಮೇಲೆ ಮಲ್ಲಿಗೆ ಮಾಲೆ ಹಾಕಿದ್ದರು. ಧನಿಗಳು ಮೊದಲ ಸಾಲಿನಲ್ಲಿದ್ದರು. ನಾನು ಪಕ್ಕದ ಪರದೆಯ ಹತ್ತಿರ ನಿಂತು, ದೇವರಾಣೆಗೂ, ಕೆಂಪು ದೀಪಕ್ಕಾಗಿ ಪ್ರಾರ್ಥಿಸುತ್ತಿದ್ದೆ. ಅಕ್ಕ ಹೆಬ್ಬೆಟ್ಟು ಇಟ್ಟರು.

ಹಸಿರು ಹೊತ್ತಿತು. ಒಂದೇ ಸಲಕ್ಕೆ. ಸಭೆ ಚಪ್ಪಾಳೆ ತಟ್ಟಿತು.

“ನೋಡಿದಿರಾ ಮೇಡಂ? ತರಬೇತಿಯ ಫಲ,” ಎಂದು ಜನರಲ್ ಮ್ಯಾನೇಜರ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. ಅವರ ಮುಖದಲ್ಲಿ ವ್ಯಂಗ್ಯ ಒಂದು ಚೂರೂ ಇರಲಿಲ್ಲ. ನಿಜವಾಗಿಯೂ ಸಂತೋಷವಾಗಿತ್ತು ಅವರಿಗೆ. ಅದೇ ಸಂತೋಷದಲ್ಲಿ ಅಕ್ಕನನ್ನು ವಾಪಸು ಕರೆಸುವ ಪತ್ರಕ್ಕೆ ಅಲ್ಲೇ ಸಹಿ ಹಾಕಿದರು.

ನನಗೆ ತಲೆಬುಡ ತಿಳಿಯಲಿಲ್ಲ. ಸರ್ವಿಸ್ ಬಸ್ ನಿಲ್ದಾಣದಲ್ಲಿ ಅವರನ್ನು ಕಾರ್ಕಳದ ಬಸ್ಸಿಗೆ ಹತ್ತಿಸಲು ನಿಂತಿದ್ದಾಗ, ಹೇಗೆ ಹಿಡಿಯಿತು ಅಕ್ಕ ಎಂದು ಕೇಳಿದೆ. ಅವರು ಹೆಬ್ಬೆಟ್ಟು ನನ್ನ ಮುಖದ ಹತ್ತಿರ ತಂದರು. ಕಪ್ಪು ಸುಲಿದು ಹೋಗಿ ಗುಲಾಬಿ ಚರ್ಮ ಬಂದಿತ್ತು. ಅದರ ಮೇಲೆ ತೆಳ್ಳಗೆ ಸುತ್ತುಸುತ್ತಿನ ಗೆರೆಗಳು.

“ಬೀಜ ಮುಟ್ಟದೆ ಇಷ್ಟು ದಿನ ಆಯ್ತಲ್ಲ ಮೇಡಂ,” ಎಂದರು. “ಬಾಯ್ಲರ್ ರಿಪೇರಿಯ ಸಮಯದಲ್ಲಿಯೂ ಹೀಗೇ ಬಂದಿತ್ತು. ಕೆಲಸ ಇಲ್ಲದಿದ್ದರೆ ಬರ್ತದೆ ಅದು.”

ಕೆಲಸಕ್ಕೆ ಹೋದರೆ ಯಂತ್ರ ಹಿಡಿಯುವುದಿಲ್ಲ. ಯಂತ್ರ ಹಿಡಿಯಬೇಕಾದರೆ ಕೆಲಸಕ್ಕೆ ಹೋಗಬಾರದು. ಇಷ್ಟು ಸರಳವಾದದ್ದು ಫೋಟೋ ತೆಗೆದ ನನಗೇ ಹೊಳೆದಿರಲಿಲ್ಲ. ಮರುದಿನ ಇದನ್ನು ಬರೆದುಕೊಟ್ಟೆ. ಯಾರೂ ಓದಲಿಲ್ಲ. ಅಷ್ಟು ಜನರೆದುರು ಹಸಿರು ಬಿದ್ದಿದೆಯಲ್ಲ ಮೇಡಂ, ಇನ್ನು ಎಂತದು ನಿಮ್ಮದು ಎಂದು ನನ್ನನ್ನೇ ತಮಾಷೆ ಮಾಡಿದರು. ಅವರ ಕೈಗೆ ಆ ಸಾಕ್ಷಿಯನ್ನು ಕೊಟ್ಟವಳು ನಾನು. ಪ್ರಶಸ್ತಿಯ ಲೆಕ್ಕದಲ್ಲಿ ನನ್ನನ್ನು ವಿಭಾಗದ ಮುಖ್ಯಸ್ಥೆ ಮಾಡಿದರು. ನಾನು ಬೇಡ ಎನ್ನಲಿಲ್ಲ. ಅಕ್ಕ ಹೆಬ್ಬೆಟ್ಟು ಒತ್ತುವ ವೀಡಿಯೊ ಆಫೀಸಿನ ಮುಂಭಾಗದ ಟಿವಿಯಲ್ಲಿ ಈಗಲೂ ಬರುತ್ತಿರುತ್ತದೆ.

ಅಕ್ಕ ಮತ್ತೆ ಕೆಲಸಕ್ಕೆ ಸೇರಿ ಎರಡು ವಾರ ಕಳೆದಿರಬೇಕು. ಬೆಳಿಗ್ಗೆ ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಉದ್ಯಾವರ ದಾಟುವಾಗ ಫೋನು ಬಂತು. ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಫೋನು. ಒಂಬತ್ತೂವರೆಗೆ ಧನಿಗಳ ಜೊತೆ ಮುಂದಿನ ವರ್ಷದ ಹೊಸತನದ ಬಗ್ಗೆ ಮೀಟಿಂಗು ಇತ್ತು, ಮುಖ್ಯಸ್ಥೆಯಾಗಿ ನನ್ನ ಮೊದಲ ಮೀಟಿಂಗು.

“ಮೇಡಂ, ಇವತ್ತು ಹಿಡಿಯಲಿಲ್ಲ,” ಎಂದರು ಅಕ್ಕ.

ಹಿಂದಿನಿಂದ ಯಂತ್ರದ ಹೆಣ್ಣು ದನಿ ಕೇಳುತ್ತಿತ್ತು. ನಾನು ಅವರಿಗೆ ಹೇಳಬಹುದಾಗಿದ್ದ ಮಾತುಗಳು ಎಷ್ಟೋ ಇದ್ದವು. ಈಗಲೇ ಅಲ್ಲಿಗೆ ಬರುತ್ತೇನೆ ಎನ್ನಬಹುದಿತ್ತು. ಆ ನಿಯಮ ಟೈಪು ಮಾಡಿದ್ದು ನಾನೇ ಎಂದಾದರೂ ಹೇಳಬಹುದಿತ್ತು.

“ನೋಡುವ ಅಕ್ಕ,” ಎಂದೆ.



“ಆಯ್ತು ಮೇಡಂ,” ಎಂದರು. “ನಾನು ಬಂದಿದ್ದೇನೆ. ಗೇಟಿನ ಹತ್ತಿರ ಇದ್ದೇನೆ.”