ಬೆನ್ನಿನ ಅಚ್ಚು

ನಮ್ಮ ರೇಸ್ ಕಾರುಗಳ ಮ್ಯೂಸಿಯಂಗೆ ಸೋಮವಾರ ರಜೆ. ರಜೆ ಎಂದರೆ ನೋಡಲು ಬರುವವರಿಗೆ. ಟಿಕೆಟ್ ಹರಿಯುವ ನನಗೂ ಧೂಳು ಒರೆಸುವ ಅಕ್ಕನಿಗೂ ಅಲ್ಲ. ಅಕ್ಕ ಒಂದೊಂದೇ ಕಾರು ಒರೆಸುತ್ತಾ ಬಂದು ಮೂಲೆಯ ನೀಲಿ ಕಾರನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಅದು ಅವಳ ಗಂಡ ಓಡಿಸಿದ ಕಾರು. ಅವನು ಸತ್ತದ್ದು ರೇಸಿನಲ್ಲಲ್ಲ, ಜ್ವರ ಬಂದು, ಮನೆಯ ಹಾಸಿಗೆಯಲ್ಲಿ. ಮಕ್ಕಳಿರಲಿಲ್ಲ.

ರೇಸ್ ಕಾರಿನ ಸೀಟು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಓಡಿಸುವವನನ್ನೇ ಕಾರಿನಲ್ಲಿ ಕೂರಿಸಿ, ಬೆನ್ನ ಹಿಂದೆ ಪ್ಲಾಸ್ಟಿಕ್ ಚೀಲವಿಟ್ಟು, ಅದರೊಳಗೆ ನೊರೆಯಂಥದ್ದೇನನ್ನೋ ಸುರಿಯುತ್ತಾರೆ. ಅದು ಬಿಸಿಯಾಗಿ ಉಬ್ಬಿ ಗಟ್ಟಿಯಾದರೆ ಅವನ ಬೆನ್ನಿನ ಅಚ್ಚು. ಗಂಡನ ಅಚ್ಚು ತೆಗೆದ ದಿನ ಅಕ್ಕ ಪಕ್ಕದಲ್ಲೇ ಇದ್ದಳಂತೆ. "ನನ್ನ ಬೇಯಿಸ್ತಿದ್ದಾರೆ ಕಣೇ" ಎಂದು ಅವನು ಗೋಳಾಡಿದ್ದನಂತೆ. ಹಿಂದೆಂದೋ ಮೂಳೆ ಮುರಿದು ಇಳಿಬಿದ್ದಿದ್ದ ಅವನ ಬಲಭುಜವೂ ಹಾಗೆಯೇ ಮೂಡಿತ್ತಂತೆ.

ಕಾರಿನೊಳಗೆ ಯಾರೂ ಕೈ ಹಾಕಬಾರದೆಂಬುದು ಇಲ್ಲಿಯ ನಿಯಮ. ಅಕ್ಕ ಹೊರಗಿನಿಂದಲೇ ಒರೆಸುತ್ತಾ ಆ ಸೀಟಿನೊಂದಿಗೆ ಮಾತಾಡುತ್ತಿದ್ದಳು. ಸೋರುವ ನಲ್ಲಿ, ಮಂಡಿ ನೋವು, ಪಕ್ಕದ ಮನೆಯವಳ ಜಂಭ. ನಾನು ಕೇಳಿಯೂ ಕೇಳದವನಂತೆ ಇರುತ್ತಿದ್ದೆ. ಅವಳು ಬೇರೆ ಯಾರ ಜೊತೆಯೂ ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ.

ಹೀಗಿರುವಾಗ ಬಂದವರನ್ನೆಲ್ಲ ನೀಲಿ ಕಾರಿನಲ್ಲಿ ಕೂರಿಸಿ ಫೋಟೋ ತೆಗೆಸುವ ಯೋಚನೆ ನಮ್ಮ ಮ್ಯಾನೇಜರಿಗೆ ಹೊಳೆಯಿತು. ಅವರಿಗೆ ಏನಾದರೂ ಹೊಳೆಯುವುದೇ ಅಪರೂಪ, ಹೊಳೆದರೆ ಇಂಥದ್ದೇ. ಇಕ್ಕಟ್ಟಿನ ಹಳೆಯ ಸೀಟು ತೆಗೆದು ಅಗಲವಾದದ್ದು ಹಾಕಬೇಕಂತೆ. ಹಳೆಯದು ಕಸಕ್ಕೆ. ಅಕ್ಕ ಅವರ ಬಾಗಿಲಲ್ಲಿ ನಿಂತು, ಬಿಡದೆ ಬೇಡಿ, ಅದನ್ನು ಮನೆಗೆ ಒಯ್ಯಲು ಒಪ್ಪಿಸಿದಳು. ಅವತ್ತು ಅವಳ ಮುಖ ನೋಡಬೇಕಿತ್ತು.

ನಮ್ಮ ಮ್ಯೂಸಿಯಂನ ಮೆಕ್ಯಾನಿಕ್ ಸೀಟು ಬಿಚ್ಚಿ ಅವಳ ಕೈಗಿಟ್ಟ. ಅಕ್ಕ ಅದರ ಬೆನ್ನು ಸವರಿದಳು. ಬಲಭುಜದ ಹತ್ತಿರ ಕೈ ನಿಂತಿತು. ಮತ್ತೊಮ್ಮೆ ಸವರಿದಳು. ಎರಡೂ ಭುಜ ಒಂದೇ ಸಮ.

"ಇದು ಅವರದ್ದಲ್ಲ," ಎಂದಳು.

"ಸೀಟು ಯಾವತ್ತೂ ಡ್ರೈವರ್ ಜೊತೆ ಬದಲಾಗುತ್ತೆ ಅಕ್ಕಾ. ಭಾವ ತೀರಿಕೊಂಡ ಮೇಲೆ ಕಾರನ್ನ ಬೇರೆಯವನು ಓಡಿಸಿದ್ನಲ್ಲ, ಇದು ಅವನದ್ದು," ಎಂದ ಮೆಕ್ಯಾನಿಕ್.

"ಹಾಗಾದ್ರೆ ಅವರದ್ದು?"

"ಎಸೆದಿರ್ತಾರೆ."

"ಈ ಮನುಷ್ಯ ಇದ್ದಾನಾ?"

"ಗುಂಡುಕಲ್ಲಿನ ಹಾಗಿದ್ದಾನೆ. ಟೈರ್ ಅಂಗಡಿ ಇಟ್ಟಿದ್ದಾನೆ."

"ಯಾರೋ ಟೈರ್ ಅಂಗಡಿಯವನ ಬೆನ್ನಿಗೆ ಇಷ್ಟು ವರ್ಷ ನನ್ನ ಕಷ್ಟ ಹೇಳ್ಕೊಂಡೆ," ಎಂದು ಅಕ್ಕ ನಗಲು ಹೋದಳು. ನಗು ಬರಲಿಲ್ಲ. ಸೀಟನ್ನು ಅವನ ಕೈಗೇ ವಾಪಸು ಕೊಟ್ಟಳು. ಟೀ ತರಲಾ ಎಂದೆ. ಬೇಡವೆಂದಳು.

ಮುಂದಿನ ಸೋಮವಾರ ನೀಲಿ ಕಾರಿಗೆ ಇನ್ನೂ ಹೊಸ ಸೀಟು ಬಂದಿರಲಿಲ್ಲ. ಅಕ್ಕ ನಿಯಮ ಮುರಿದು ಒಳಗೆ ಕೈ ಹಾಕಿ, ಸವೆದ ಸ್ಟೀರಿಂಗನ್ನು ಒರೆಸುತ್ತಾ ನಿಂತಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

"ಏನಾದ್ರೂ ಕೇಳ್ಬೇಕಿತ್ತಾ ಅಕ್ಕಾ?" ಎಂದ ಮೆಕ್ಯಾನಿಕ್.

ಅಕ್ಕ ಸ್ಟೀರಿಂಗ್ ನೋಡಿದಳು, ಅವನನ್ನು ನೋಡಿದಳು. "ಏನಿಲ್ಲ, ನೀನು ಹೋಗಿ ಕೆಲಸ ನೋಡಪ್ಪಾ."

ಸ್ಟೀರಿಂಗ್ ಯಾರದೆಂದು ಅವಳು ಕೇಳಲಿಲ್ಲ. ಅವನು ಆಚೆ ಹೋಗುವವರೆಗೂ ಕಾದು, ಮೆಲ್ಲಗೆ, "ನಲ್ಲಿ ರಿಪೇರಿ ಆಯ್ತು ರೀ," ಎಂದಳು.