ಕಾಮಣಿ ಸರ

ಕತ್ತಲೆ ಕೋಣೆ ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೆದರಿಕೆಯಲ್ಲ, ಸಿಟ್ಟು. ಮನೆಯವರು ನಗುತ್ತಾರೆ, ನಗಲಿ. ಹದಿಮೂರನೆಯ ವಯಸ್ಸಿನಲ್ಲಿ ಕಾಳಿನ ಕೋಣೆಯೊಳಗೆ ಹತ್ತು ದಿನ ಕೂತವಳು ನಾನು, ಅವರಲ್ಲ.

ಹಳಿಯಾಳದ ಹತ್ತಿರದ ತೇರಗಾಂವ ನನ್ನ ತೌರು. ಯುದ್ಧದ ಕಾಲ, ಸೀಮೆಎಣ್ಣೆಗೂ ಪರದಾಡುವ ದಿನಗಳು. ಆ ವರ್ಷ ಮಳೆಗಾಲದ ಕೊನೆಗೆ ನನಗೆ ಜ್ವರ ಬಂತು. ಅನ್ನದ ವಾಸನೆ ಬಂದರೆ ಸಾಕು, ಓಕರಿಕೆ. ಅವ್ವ ನನ್ನನ್ನು ಅಂಗಳದ ಬಿಸಿಲಿಗೆ ಎಳೆದುಕೊಂಡು ಹೋಗಿ ರೆಪ್ಪೆ ಹಿಗ್ಗಿಸಿ ನೋಡಿದಳು.

"ಅಯ್ಯ ಶಿವನ! ಕಾಮಣಿ ಆಗೇತಿ ಇದಕ್ಕ."

ಕಾಮಣಿಗೆ, ಅಂದರೆ ಕಾಮಾಲೆ ರೋಗಕ್ಕೆ, ನಮ್ಮ ಮನೆಯಲ್ಲಿ ಸರ ಹಾಕಿಸುತ್ತಿದ್ದರು. ಅದನ್ನು ಕಟ್ಟುವವಳು ಜೋಯಿಡಾ ಕಡೆಯಿಂದ ಬಂದು ನಮ್ಮೂರಲ್ಲಿ ನೆಲೆಸಿದ್ದ ಒಬ್ಬ ಮುದುಕಿ. ಹಸಿ ಕಡ್ಡಿಯ ಚೂರುಗಳನ್ನು ನೂಲಿನ ಕುಣಿಕೆಗಳಲ್ಲಿ ಬಿಗಿದು, ಸಿಂಬಿಯ ಹಾಗೆ ನೆತ್ತಿಯ ಮೇಲೆ ಕೂರುವಷ್ಟು ಚಿಕ್ಕ ಸರ ಮಾಡುತ್ತಿದ್ದಳು. ದಿನ ಕಳೆದಂತೆ ಅದು ತಾನಾಗಿ ಉದ್ದವಾಗಿ ಕೊರಳಿಗೆ, ಎದೆಗೆ, ಕೊನೆಗೆ ನಡುವಿಗೆ ಇಳಿಯಬೇಕು. ಅದರ ಜೊತೆಗೆ ಕಾಮಣಿಯೂ ಮೈಯಿಂದ ಇಳಿದುಹೋಗುತ್ತದೆ ಎಂಬುದು ಎಲ್ಲರ ನಂಬಿಕೆ.

"ಸರ ನಡಕ್ಕ ಬರೂತನಕ ಹೊಸ್ತಿಲಾ ದಾಟಬಾರ್ದು. ಉಪ್ಪಿಲ್ಲ, ಎಣ್ಣಿ ಇಲ್ಲ. ಹಳದಿ ಬಣ್ಣ ಕಣ್ಣಿಗೂ ಬೀಳಬಾರ್ದು," ಎಂದಳು ಮುದುಕಿ.

ಕಾಳಿನ ಕೋಣೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಅದರಿಂದ ಬಿಸಿಲಿನ ಒಂದು ತುಣುಕು ನೆಲಕ್ಕೆ ಬಿದ್ದು, ಜೋಳದ ಚೀಲಗಳ ಮೇಲೆ ಹತ್ತಿ, ಗೋಡೆಯಲ್ಲಿ ಮಾಯವಾಗುತ್ತಿತ್ತು. ಅಷ್ಟಕ್ಕೆ ಒಂದು ದಿನ. ಸಪ್ಪನೆಯ ಗಂಜಿ, ಮೈತುಂಬ ತುರಿಕೆ, ಇಲಿಗಳ ಓಡಾಟ. ಗಳಿಗೆಗೊಮ್ಮೆ ಸರ ಮುಟ್ಟಿ ನೋಡುತ್ತಿದ್ದೆ. ಐದನೆಯ ದಿನಕ್ಕೆ ಜ್ವರ ಬಿಟ್ಟು ಹಸಿವೆಯಾಯಿತು. ಆದರೆ ಹಾಳಾದ ಸರ ಇನ್ನೂ ಕೊರಳಲ್ಲೇ ಇತ್ತು. ಬಿಡ್ರಿ ಎಂದು ಅತ್ತೆ, ಬಾಗಿಲು ಬಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಆಕೆಯನ್ನು ಮುಂಡಗೋಡದ ಕಡೆಯ ಚಿಗಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಏಳು ತಿಂಗಳು. ಸೀಮಂತದ ಕುಬಸ ಮಾಡಿ ಹೆರಿಗೆಯವರೆಗೆ ತೌರಿನಲ್ಲೇ ಇಟ್ಟುಕೊಳ್ಳಲು ಅಪ್ಪ ಕರೆತಂದಿದ್ದ. ಅವ್ವ ಎಷ್ಟು ಗದರಿದರೂ ಕೇಳದೆ ಹೊಸ್ತಿಲಾಚೆ ಕೂತು ನನ್ನ ಜೊತೆ ಹರಟುತ್ತಿದ್ದಳು.

"ಲಗೂನ ಹೊರಗ ಬಾರಲೇ. ನಿನ್ನ ಬಿಟ್ಟು ನಾ ಹಸರ ಬಳಿ ಇಡಿಸಿಕೊಳ್ಳಾಂಗಿಲ್ಲ ನೋಡು," ಎಂದಳು.

ಕುಬಸಕ್ಕೆ ಎರಡೇ ದಿನ ಉಳಿದಿತ್ತು, ಸರ ಎದೆಯ ಮೇಲೆ ನಿಂತುಬಿಟ್ಟಿತ್ತು. ಆವತ್ತು ಮಧ್ಯಾಹ್ನ ಮೂಲೆಯಲ್ಲಿ ಕೂತು ಒಂದೊಂದೇ ಕುಣಿಕೆಯನ್ನು ಉಗುರಿನಿಂದ ಎಳೆದು ಸಡಿಲ ಮಾಡಿದೆ. ಮರುದಿನ ಬೆಳಿಗ್ಗೆ ಸರ ನಡುವಿಗೆ ಬಂದಿತ್ತು. ಅವ್ವ ಕೈ ಮುಗಿದು ಬಾಗಿಲು ತೆರೆದಳು. ಬಿಸಿಲಿನಲ್ಲಿ ನನ್ನ ಕಣ್ಣು ನೋಡಿ, "ಹಳದಿ ಇನ್ನೂ ಉಳದೈತಲ್ಲ," ಎಂದು ಅನುಮಾನ ಪಟ್ಟಳು. ಮುದುಕಿ, "ಸರ ಇಳದೈತಿ, ಕಣ್ಣೂ ತಿಳಿ ಆಗ್ತಾವು ಬಿಡ್ರಿ," ಎಂದು ತೆಂಗಿನಕಾಯಿ ತೆಗೆದುಕೊಂಡು ಹೋದಳು.

ಕುಬಸದ ದಿನ ಅಕ್ಕನ ಕೈತುಂಬ ಹಸಿರು ಬಳೆ. ಮೊಸರ ಬುತ್ತಿಯನ್ನು ನಾನೇ ಕಲಸಿದೆ. "ಇಕಿ ಕೈತುತ್ತ ಬೇಕು ನನಗ," ಎಂದು ಆಕೆ ಹಟ ಹಿಡಿದಳು. ಮೂರು ತುತ್ತು ಉಣಿಸಿದೆ. ಅಂಥ ಖುಷಿಯ ದಿನ ನನ್ನ ಜನ್ಮದಲ್ಲಿ ಮತ್ತೊಂದಿಲ್ಲ.

ಒಂದು ತಿಂಗಳ ಮೇಲೆ ಅಕ್ಕ ಊಟದ ತಾಟನ್ನು ಹಿಂದಕ್ಕೆ ಸರಿಸಿದಳು. ವಾಸನೆ ಎಂದಳು.

ಅದೇ ಮುದುಕಿ, ಅದೇ ಥರದ ಸರ, ಅದೇ ಕೋಣೆ. ಈಗ ಹೊಸ್ತಿಲಾಚೆ ಕೂರುವ ಪಾಳಿ ನನ್ನದು. ಅಕ್ಕನ ಸರ ನನ್ನದಕ್ಕಿಂತ ಬೇಗ ಇಳಿಯತೊಡಗಿತು. ಆಕೆ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದಳು. ಹಗಲೆಲ್ಲ ಮಂಪರು. ಆರನೆಯ ದಿನ ಅವ್ವನನ್ನೇ ಅತ್ತೆ ಎಂದು ಕರೆದಳು.

ಅವ್ವ ಹೆದರಿ ಅಪ್ಪನಿಗೆ ಹೇಳಿದಳು: "ಹಳಿಯಾಳದ ದವಾಖಾನಿಗಿ ಒಯ್ಯೂಣೇನ್ರಿ?"

"ಸರ ಇಳ್ಯಾಕತ್ತಿದ್ದು ಕಣ್ಣಿಗಿ ಕಾಣಸ್ತೈತಿ. ಬಸರ ಹೆಣಮಗಳನ್ನ ಚಕ್ಕಡ್ಯಾಗ ಹಾಕಿ ಯಾಕ ಕುಲಕ್ಯಾಡಸ್ತಿ?" ಎಂದ ಅಪ್ಪ.

ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಸರ ಇಳಿದರೂ ಕಾಮಣಿ ಇಳಿದಿರುವುದಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ತೆರೆದರೆ ಚಕ್ಕಡಿ ಕಟ್ಟುತ್ತಿದ್ದರು, ಅರ್ಧ ದಿನದೊಳಗೆ ಹಳಿಯಾಳ ಮುಟ್ಟುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕಿದೆ.

ಸಂಜೆ ಅಕ್ಕನಿಗೆ ತುಸು ಎಚ್ಚರವಿತ್ತು.

"ನಿಂದು ಎಷ್ಟ ದಿನಕ್ಕ ನಡಕ್ಕ ಬಂದಿತ್ತಲೇ?"

"ಹತ್ತ ದಿನಕ್ಕ."

ಆಕೆ ಹಳದಿ ಬೆರಳುಗಳನ್ನು ಮಡಚಿ ಎಣಿಸಿದಳು. "ಹಂಗಾರ ಇನ್ನ ನಾಕ ದಿನಾ ನಂದು."

ಎಂಟನೆಯ ದಿನ ಬೆಳಿಗ್ಗೆ ಸರ ನಡುವಿಗೆ ಬಂತು. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಸಂಜೆಯ ಹೊತ್ತಿಗೆ ಅಕ್ಕ, ಹೊಟ್ಟೆಯ ಕೂಸಿನ ಜೊತೆಗೇ ಹೋಗಿಬಿಟ್ಟಳು.

ಎಷ್ಟೋ ವರ್ಷಗಳ ಮೇಲೆ ನನ್ನ ಮೊಮ್ಮಗನಿಗೆ ಕಾಮಣಿಯಾದಾಗ ಡಾಕ್ಟರು ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಹೆಪಟೈಟಿಸ್ ಅನ್ನುತ್ತಾರೆ, ಲಿವರಿಗೆ ಬಾವು ಬರುತ್ತದೆ, ಅದು ಪಿತ್ತವನ್ನು ಹೊರಗೆ ಹಾಕಲಾರದೆ ಮೈ ಹಳದಿಯಾಗುತ್ತದೆ. ಅದರಲ್ಲಿ ಹಲವು ಬಗೆ. ಕೆಲವು ಹೊಲಸು ನೀರಿನಿಂದ, ತೊಳೆಯದ ಕೈಯಿಂದ ಬರುತ್ತವೆ. ಬಹಳ ಮಂದಿಗೆ ವಿಶ್ರಾಂತಿಯಿಂದಲೇ ವಾಸಿಯಾಗುತ್ತದೆ, ಬಸುರಿಯರಿಗೆ ಮಾತ್ರ ಒಮ್ಮೊಮ್ಮೆ ಜೀವಕ್ಕೇ ಕುತ್ತು ಬರುತ್ತದೆ. ನಾನು ಬುತ್ತಿಯ ಕಥೆ ಹೇಳಿದೆ.

"ನಿಮ್ಮ ಕೈಯಿಂದನ ಬಂತು ಅನ್ನಾಕ ಬರಾಂಗಿಲ್ರಿ ಅಜ್ಜಿ. ಬಾವಿ ನೀರಿನಿಂದನೂ ಬಂದಿರಬಹುದು. ಆಗ ದವಾಖಾನಿಗಿ ಒಯ್ದಿದ್ರೂ ಉಳೀತಿದ್ರು ಅಂತ ಹೇಳಾಕಾಗೂದಿಲ್ಲ," ಎಂದರು.

ಒಳ್ಳೆಯ ಮನುಷ್ಯ. ನನ್ನ ಭಾರ ಇಳಿಸಲು ನೋಡಿದರು, ಇಳಿಯಲಿಲ್ಲ. ಯಾಕೆಂದರೆ ಅಕ್ಕ ತೀರಿಕೊಂಡ ವರ್ಷವೇ ನಾನು ಇನ್ನೊಂದು ಕೆಲಸ ಮಾಡಿದ್ದೆ. ಅವಳ ಸರವನ್ನಂತೂ ನಾನು ಮುಟ್ಟಿರಲಿಲ್ಲ. ಅದು ಹೇಗೆ ಇಳಿಯಿತು ಎಂಬ ಯೋಚನೆ ತಲೆ ತಿನ್ನುತ್ತಿತ್ತು. ಹಸಿ ಕಡ್ಡಿ ಕತ್ತರಿಸಿ, ಮುದುಕಿ ಕಟ್ಟಿದ ಹಾಗೆಯೇ ಸರ ಕಟ್ಟಿ ಪಡಸಾಲೆಯ ಕಂಬಕ್ಕೆ ಬಿಗಿಯಾಗಿ ತೊಡಿಸಿದೆ. ಕಡ್ಡಿ ಒಣಗಿ ಸಣ್ಣಗಾದಂತೆ ಕುಣಿಕೆ ಸಡಿಲವಾಯಿತು. ಹತ್ತು ದಿನದೊಳಗೆ ಸರ ಜಾರಿ ಕಂಬದ ಬುಡಕ್ಕೆ ಬಿತ್ತು. ಕಂಬಕ್ಕೆ ಯಾವ ಕಾಮಣಿ!

ಅವ್ವನನ್ನು ಕರೆದು ತೋರಿಸಿದೆ, ನನ್ನ ಸರ ಎಳೆದದ್ದನ್ನೂ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಆಕೆ ಸರ ಎತ್ತಿಕೊಂಡು ಸಡಿಲವಾದ ಕುಣಿಕೆಗಳನ್ನು ಮುಟ್ಟಿ ನೋಡಿದಳು.

"ಅವತ್ತ ಯಾಕ ಹೇಳಲಿಲ್ಲ?"

"ಮತ್ತ ಆ ಖೋಲ್ಯಾಗ ಹಾಕ್ತಿದ್ದಿ."

ಅವ್ವ ಕಾಳಿನ ಕೋಣೆಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡಳು. ನಾನು ಹೊಸ್ತಿಲಾಚೆ ಕೂತು, ಬಾಗಿಲು ತೆಗಿಯವ್ವಾ, ತೆಗಿಯವ್ವಾ ಎಂದು ಬಡಿಯುತ್ತಲೇ ಇದ್ದೆ.