ದಾರದಕ್ಕನ ಒಂಬತ್ತು ದಿನ

ಬೆಳಗಿನ ಐದೂ ಮುಕ್ಕಾಲು. ಸಂಶೋಧನಾಲಯದ ಹಿಂಬದಿಯ ಗೇಟಿನಲ್ಲಿ ಕಾವಲುಗಾರ ಇನ್ನೂ ಆಕಳಿಸುತ್ತಿದ್ದಾನೆ. ದಾರದಕ್ಕ ಅವನ ಪುಸ್ತಕದಲ್ಲಿ ರುಜು ಹಾಕಿ, ನೆಲ ಅದುರಬಾರದೆಂದು ಚಪ್ಪಲಿಯನ್ನು ಮೇಲೆಯೇ ಕಳಚಿಟ್ಟು, ನೆಲಮಾಳಿಗೆಗೆ ಇಳಿಯುತ್ತಾರೆ. ಹದಿನಾಲ್ಕು ಮೆಟ್ಟಿಲು, ಒಂದು ಕಬ್ಬಿಣದ ಬಾಗಿಲು, ಒಳಗೆ ಬಚ್ಚಲುಮನೆಯ ಹಾಗೆ ಬೆಚ್ಚಗಿನ ತೇವದ ಗಾಳಿ. ಗೋಡೆಯುದ್ದಕ್ಕೂ ನಲವತ್ತೆಂಟು ಗಾಜಿನ ಕೊಳವೆಗಳು ಸಾಲಾಗಿ ನಿಂತಿವೆ. ಪ್ರತಿ ಕೊಳವೆಯಲ್ಲೂ ಮೈಬಿಸಿಯಷ್ಟೇ ಕಾಯಿಸಿದ ಉಪ್ಪುನೀರು, ನೀರಿನೊಳಗೆ ತೂಗುಬಿಟ್ಟ ಒಂದು ದಾರ, ದಾರದ ತುದಿಗೆ ಸಣ್ಣದೊಂದು ತೂಕದ ಬಟ್ಟು.

ಅವರು ಮೊದಲನೆಯ ಕೊಳವೆಯ ಮುಂದೆ ಸ್ಟೂಲು ಎಳೆದುಕೊಂಡು, ಕಂಬಿಯ ಮೇಲೆ ಜಾರುವ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ. ದಾರದ ಮೇಲೆ ಎರಡು ಮಸಿಗೆರೆಗಳಿವೆ, ಮೇಲೊಂದು, ಕೆಳಗೊಂದು. ಎರಡರ ನಡುವಿನ ಅಂತರ ನಿನ್ನೆಗಿಂತ ಹೆಚ್ಚಿದೆಯೇ ಎಂಬುದಷ್ಟೇ ಪ್ರಶ್ನೆ. ಹೆಚ್ಚಿದ್ದರೂ ಅದು ಕೂದಲೆಳೆಯ ದಪ್ಪದಲ್ಲಿ ಏಳರಲ್ಲೊಂದು ಪಾಲಿರಬಹುದು. ಉಸಿರು ಬಿಗಿಹಿಡಿದು ನೋಡಬೇಕು, ನೋಡಿದ್ದನ್ನು ಬರೆಯಬೇಕು, ಸ್ಟೂಲು ಸರಿಸಬೇಕು. ಏಳೂವರೆಗೆ ಕಟ್ಟಡದ ದೊಡ್ಡ ಪಂಪುಗಳು ಶುರುವಾಗುತ್ತವೆ, ಆಮೇಲೆ ನೀರು ನಡುಗಿ ಏನೂ ನೆಟ್ಟಗೆ ಕಾಣುವುದಿಲ್ಲ. ಅಷ್ಟರೊಳಗೆ ನಲವತ್ತೆಂಟೂ ಮುಗಿಯಬೇಕು. ಒಂದಕ್ಕೆ ಸಿಗುವುದು ಎರಡೇ ನಿಮಿಷ.

ಹತ್ತೊಂಬತ್ತು ವರ್ಷದಿಂದ ಭಾನುವಾರವೂ ತಪ್ಪದೆ ಇದೇ ಕೆಲಸ. ದಿನಕ್ಕೆ ತೊಂಬತ್ತಾರು ಅಂಕಿ. ಒಟ್ಟು ಸೇರಿಸಿದರೆ ಆರೂವರೆ ಲಕ್ಷ ದಾಟುತ್ತದೆ. ರಜೆ ಹಾಕಿದ್ದು ಹನ್ನೊಂದು ದಿನ, ಅದರಲ್ಲಿ ಐದು ಗಂಡ ತೀರಿಕೊಂಡಾಗ. ಗಂಡ ಆಪರೇಷನ್ನಿನ ಹೊಲಿಗೆ ಬಿಚ್ಚಿ ಸತ್ತರೇ, ಅದಕ್ಕೇ ಈ ಕೆಲಸಕ್ಕೆ ಅಂಟಿಕೊಂಡಿದ್ದೀರಾ ಎಂದು ಕೇಳಿದವರಿದ್ದಾರೆ. ಹಾಗೇನಾದರೂ ಇದ್ದಿದ್ದರೆ ಪತ್ರಿಕೆಗೆ ಬರೆಯುವವರಿಗೆ ಎಷ್ಟು ಅನುಕೂಲವಾಗುತ್ತಿತ್ತು. ಲಾರಿ ಮೆಕ್ಯಾನಿಕ್ ಆಗಿದ್ದ ಅವರು ಜ್ವರ ಬಂದು ಐದೇ ದಿನದಲ್ಲಿ ಹೋದರು. ನೆಲ ಒರೆಸಲು ಸೇರಿದ್ದ ಈಕೆ ಈ ಕೋಣೆಗೆ ಬಂದದ್ದು ಅದಕ್ಕೂ ಮೊದಲು, ಕೈ ನಡುಗದ ಒಬ್ಬರು ಬೇಕು ಎಂದು ಮೇಡಂ ಹುಡುಕುತ್ತಿದ್ದಾಗ. ಹುದ್ದೆಯ ಹೆಸರು ‘ತಾತ್ಕಾಲಿಕ ಸಹಾಯಕಿ’. ಹತ್ತೊಂಬತ್ತು ವರ್ಷ ತಾತ್ಕಾಲಿಕವಾಗಿಯೇ ಉಳಿಯುವುದಕ್ಕೂ ಒಂದು ಸಾಮರ್ಥ್ಯ ಬೇಕು.

ಮೇಡಂ ಎಂದರೆ ಈ ಪ್ರಯೋಗಾಲಯದ ಮುಖ್ಯಸ್ಥೆ. ಇಲ್ಲಿ ನಡೆಯುವುದು ಮಹಾ ಅಣುಗಳ ಸಂಶೋಧನೆ. ನಮ್ಮ ಕೂದಲು, ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರು, ರೇಷ್ಮೆಹುಳು ನೂಲುವ ಎಳೆ, ಅತ್ತ ಕಾರ್ಖಾನೆಯ ನೈಲಾನ್, ಎಲ್ಲವೂ ಒಂದೇ ಕುಲದವು. ಸಾವಿರಾರು ಪುಟ್ಟ ಅಣುಗಳು ಕೊಂಡಿಗೆ ಕೊಂಡಿ ಸೇರಿ ಆದ ಉದ್ದುದ್ದ ಸರಪಳಿಗಳು. ಜೀವ ಹೆಣೆದ ಸರಪಳಿಗೂ ಮನುಷ್ಯ ಹೆಣೆದ ಸರಪಳಿಗೂ ಗಂಟು ಹಾಕಿ, ಮೈಯೊಳಗೆ ಹತ್ತಾರು ವರ್ಷ ಬಾಳುವ ದಾರ ಮಾಡಬೇಕೆಂಬುದು ಮೇಡಂ ಅವರ ಅರ್ಧ ಆಯುಸ್ಸಿನ ಹಟ. ಹೃದಯದ ಕವಾಟವನ್ನು ಎಳೆದು ಹಿಡಿಯುವ ಸಣ್ಣ ತಂತುಗಳಿವೆ. ಅವು ಹರಿದರೆ ಕವಾಟ ಮುಚ್ಚುವುದಿಲ್ಲ, ರಕ್ತ ಹಿಂದಕ್ಕೆ ನುಗ್ಗುತ್ತದೆ. ಹರಿದ ತಂತುವಿನ ಜಾಗಕ್ಕೆ ಈ ದಾರ ಹೋಗಬೇಕು. ಅದು ಹರಿಯಬಾರದು ಎಂದರೆ ಸಾಲದು, ಹಿಗ್ಗಲೂ ಬಾರದು. ಸ್ವಲ್ಪ ಹಿಗ್ಗಿದರೂ ಕವಾಟ ಮತ್ತೆ ಸೋರುತ್ತದೆ.

ಎರಡು ವರ್ಷದ ಹಿಂದೆ ಮೂವತ್ತೊಂದನೆಯ ಕೊಳವೆಗೆ ಅಂಥದೊಂದು ಹೊಸ ದಾರ ಬಂತು. ಮೊದಲ ವರ್ಷ ಎಳ್ಳಷ್ಟೆಳ್ಳಷ್ಟೇ ಉದ್ದವಾಗುತ್ತ ಹೋಯಿತು. ಆಮೇಲೆ ನಿಂತಿತು. ಒಂದು ತಿಂಗಳು ಕದಲಲಿಲ್ಲ, ಎರಡು ತಿಂಗಳಾದರೂ ಕದಲಲಿಲ್ಲ. ಮೂರನೆಯ ತಿಂಗಳಿಗೆ ಮೇಡಂ ವರದಿ ಬರೆದು ಕಳಿಸಿದರು. ದೊಡ್ಡಾಸ್ಪತ್ರೆಯವರು ಮೊದಲ ಪ್ರಯೋಗಕ್ಕೆ ಹನ್ನೆರಡು ರೋಗಿಗಳನ್ನು ಆರಿಸಿದರು. ಅಂದು ಪ್ರಯೋಗಾಲಯದಲ್ಲಿ ಎಲ್ಲರಿಗೂ ಟೀ, ಬಿಸ್ಕತ್ತು. ಮೇಡಂ ದಾರದಕ್ಕನನ್ನು ಕರೆದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ವರದಿಯಲ್ಲಿ ಅವರ ಹೆಸರಿರಲಿಲ್ಲ, ಅದನ್ನು ಅವರು ನಿರೀಕ್ಷಿಸಿಯೂ ಇರಲಿಲ್ಲ. ಆದರೆ ಆ ಕುರ್ಚಿಯನ್ನು ಈಗಲೂ ನೆನೆಯುತ್ತಾರೆ.

ದಾರ ನಿಂತಿರಲಿಲ್ಲ. ನಿಂತದ್ದು ದಾರದಕ್ಕನ ಬಲಗಣ್ಣು.

ಗೊತ್ತಾದದ್ದು ಮನೆಯಲ್ಲಿ. ದಾರದಕ್ಕ ಇರುವುದು ತಂಗಿಯ ಜೊತೆ, ಒಂದು ಕೋಣೆ, ಒಂದು ಅಡುಗೆಮನೆ. ತಂಗಿ ಬಟ್ಟೆ ಹೊಲಿಯುತ್ತಾಳೆ. ನಿನ್ನ ದಾರ ವರ್ಷಗಟ್ಟಲೆ ತುಂಡಾಗಲ್ಲ, ನನ್ನದು ಗಂಟೆಗೊಂದು ಸಲ ತುಂಡಾಗುತ್ತೆ ಎಂದು ಅಕ್ಕನನ್ನು ಛೇಡಿಸುವುದು ಅವಳ ಅಭ್ಯಾಸ. ಆ ಶನಿವಾರ ಸಂಜೆ ಸೂಜಿಗೆ ನೂಲು ಪೋಣಿಸಿಕೊಡು ಎಂದಳು. ಹತ್ತೊಂಬತ್ತು ವರ್ಷದ ರೂಢಿಯಂತೆ ದಾರದಕ್ಕ ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದರು. ನೂಲು ಎರಡಾಗಿತ್ತು, ನಡುವೆ ಮಸುಕು ಹರಡಿತ್ತು. ಎಡಗಣ್ಣಿನಲ್ಲಿ ನೋಡಿದರೆ ಒಂದೇ.

ಕೊಳವೆಗಳಲ್ಲಿ ಕೆಲವು ತಿಂಗಳಿಂದ ಗೆರೆಗಳು ಹೀಗೇ ಕಾಣುತ್ತಿದ್ದವು. ಉಪ್ಪುನೀರಿಗೆ ಮಸಿ ಕದಡಿದೆ ಎಂದುಕೊಂಡಿದ್ದರು. ಮಸುಕಿನಲ್ಲಿ ಸೂಕ್ಷ್ಮದರ್ಶಕದೊಳಗಿನ ಅಡ್ಡಗೆರೆಯನ್ನು ಎಲ್ಲಿ ನಿಲ್ಲಿಸಿದರೂ ನಡೆಯುವಂತಿತ್ತು. “ಹಿಂದಿನ ದಿನದ ಪುಟ ನೋಡಬಾರದು ಅಂತ ನಿಯಮ ಇದೆ, ನಾನು ನೋಡಿಲ್ಲ. ಆದ್ರೆ ತಲೇಲಿ ಇರುತ್ತಲ್ಲ? ನಲವತ್ತೆಂಟೂ ಬಾಯಿಪಾಠ. ಗೆರೆ ಸರಿಯಾಗಿ ಕಾಣದಿದ್ದಾಗ ಕೈ ತಾನಾಗೇ ನಿನ್ನೆಯ ಅಂಕಿಗೇ ಹೋಗಿ ನಿಲ್ತಿತ್ತು” ಎನ್ನುತ್ತಾರೆ. ಉಳಿದವು ಹಳೆಯ ದಾರಗಳು, ಅಷ್ಟಾಗಿ ಚಲಿಸದವು, ಅಲ್ಲಿ ವ್ಯತ್ಯಾಸ ಬೀಳಲಿಲ್ಲ. ಚಲಿಸುತ್ತಿದ್ದದ್ದು ಮೂವತ್ತೊಂದೇ. ಮರುದಿನ ಬೆಳಿಗ್ಗೆ ಎಡಗಣ್ಣಿನಲ್ಲಿ ನೋಡಿದರೆ ಬರೆದದ್ದಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು. ಕೇಳಲು ಏನೂ ಅಲ್ಲ. ಹೃದಯದೊಳಗೆ ಹತ್ತು ವರ್ಷ ಅದೇ ಲೆಕ್ಕದಲ್ಲಿ ಹಿಗ್ಗುತ್ತ ಹೋದರೆ ಆಳು ಉಳಿಯುವುದಿಲ್ಲ.

ಇಲ್ಲಿಗೆ ಕಥೆ ನೇರವಾಗಿ ಮೇಡಂ ಕೋಣೆಗೆ ಹೋಗಬೇಕಿತ್ತು. ಹೋಗಲಿಲ್ಲ. ದಾರದಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಐವತ್ತೆಂಟು ವಯಸ್ಸು, ಕಣ್ಣು ಹೋದ ತಾತ್ಕಾಲಿಕ ಸಹಾಯಕಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಈ ನಾಲ್ಕು ತಿಂಗಳು ತಪ್ಪು ಎಂದರೆ ಹಿಂದಿನದೆಲ್ಲ ಸರಿ ಎಂದು ಯಾರು ಒಪ್ಪುತ್ತಾರೆ? ನಿಜವಾದ ಅಂಕಿಯನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಪುಸ್ತಕದಲ್ಲಿ ಹಳೆಯ ಅಂಕಿಯನ್ನೇ ಬರೆದರು. ಮರುದಿನವೂ ಹಾಗೇ ಮಾಡಿದರು. ಒಂಬತ್ತು ಟಿಕೆಟ್ಟುಗಳಾದವು. ಮನೆಯಲ್ಲಿ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದರು, ತಂಗಿ ಕೇಳಿದರೆ ಗ್ಯಾಸ್ಟ್ರಿಕ್ ಎಂದರು.

ಒಂಬತ್ತನೆಯ ದಿನ ಹನ್ನೆರಡು ರೋಗಿಗಳಲ್ಲಿ ಒಬ್ಬರು ಪ್ರಯೋಗಾಲಯಕ್ಕೆ ಬಂದರು. ಶಾಲಾ ವಾಹನದ ಚಾಲಕ, ನಲವತ್ತರ ಆಸುಪಾಸು, ಜೊತೆಗೆ ಹೆಂಡತಿ. ತನ್ನ ಎದೆಯೊಳಗೆ ಹೋಗುವ ವಸ್ತು ಯಾವುದೆಂದು ಒಮ್ಮೆ ಕಣ್ಣಾರೆ ನೋಡಬೇಕೆಂದು ಆಸ್ಪತ್ರೆಯವರನ್ನು ಕಾಡಿ ಬಂದಿದ್ದರು. ಹದಿನಾಲ್ಕು ಮೆಟ್ಟಿಲು ಇಳಿಯುವುದರಲ್ಲೇ ಅವರಿಗೆ ಏದುಸಿರು. ದಾರದಕ್ಕ ತಮ್ಮ ಸ್ಟೂಲು ಬಿಟ್ಟುಕೊಟ್ಟರು. ಮೇಡಂ ಯಾವುದೋ ಫೋನು ಬಂದು ಹೊರಗೆ ಹೋದಾಗ ಚಾಲಕ ಕೊಳವೆಯನ್ನು ದಿಟ್ಟಿಸುತ್ತ, ಮೆಲ್ಲಗೆ ಕೇಳಿದರು: “ದಿನಾ ನೋಡೋರು ನೀವಂತೆ. ಇದನ್ನ ನಂಬಬಹುದಾ ಅಕ್ಕಾ?”

ದಾರದಕ್ಕ ಹೊರಗೆ ಹೋಗಿ, ಮೇಡಂ ಫೋನಿನಲ್ಲಿ ಮಾತಾಡುತ್ತಿದ್ದಂತೆಯೇ ಅವರ ಕೈಗೆ ಒಂಬತ್ತು ಟಿಕೆಟ್ಟುಗಳನ್ನು ಇಟ್ಟರು.

ಮೇಡಂ ಕೂಗಾಡಲಿಲ್ಲ. ಆ ದಿನ ತಾವೇ ಮೂವತ್ತೊಂದನ್ನು ಆರು ಸಲ ಅಳೆದರು, ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ವಾರದೊಳಗೆ ವರದಿಯನ್ನು ಹಿಂದಕ್ಕೆ ಪಡೆದರು, ಪ್ರಯೋಗ ನಿಂತಿತು. ಬರಬೇಕಿದ್ದ ಅನುದಾನ ಬರಲಿಲ್ಲ, ಮೂವರು ಸಂಶೋಧಕರು ಬೇರೆ ಕಡೆ ಕೆಲಸ ಹುಡುಕಿಕೊಂಡರು. ಅವರಲ್ಲಿ ಒಬ್ಬರು ಇಂದಿಗೂ ದಾರದಕ್ಕ ಎದುರಾದರೆ ರಸ್ತೆ ದಾಟಿ ಹೋಗುತ್ತಾರೆ. ಬಲಗಣ್ಣಿಗೆ ಬಂದಿದ್ದದ್ದು ಪೊರೆ. ತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಇಪ್ಪತ್ತು ನಿಮಿಷದ ಕೆಲಸಕ್ಕೆ ಹೆದರಿ ಇಷ್ಟೆಲ್ಲ ಮಾಡಿಕೊಂಡೆ ಎಂದು ಅವರು ಹಣೆ ಹಣೆ ಚಚ್ಚಿಕೊಂಡದ್ದನ್ನು ತಂಗಿ ಹೇಳುತ್ತಾಳೆ.

ಹನ್ನೆರಡು ರೋಗಿಗಳು ಮತ್ತೆ ಮಾಮೂಲಿ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾಯಿತು. ಹನ್ನೊಂದು ಮಂದಿಗೆ ಹಳೆಯ ದಾರದಲ್ಲೇ ಶಸ್ತ್ರಚಿಕಿತ್ಸೆ ಆಯಿತು. ಚಾಲಕನ ಸರದಿ ಇದ್ದದ್ದು ಒಂದು ಗುರುವಾರ. ಅದರ ಹಿಂದಿನ ಭಾನುವಾರ ಅವರು ಮನೆಯಲ್ಲೇ ತೀರಿಕೊಂಡರು. ಹೊಸ ದಾರ ಹಾಕಿದ್ದರೆ ಕೆಲವು ವರ್ಷವಾದರೂ ಬದುಕುತ್ತಿದ್ದರೋ, ಮೊದಲೇ ಹಳೆಯ ಸಾಲಿನಲ್ಲಿ ನಿಂತಿದ್ದರೆ ಸರದಿ ಬೇಗ ಬರುತ್ತಿತ್ತೋ, ಒಂಬತ್ತು ದಿನ ಮುಂಚೆ ಗೊತ್ತಾಗಿದ್ದರೆ ಏನಾಗುತ್ತಿತ್ತೋ, ವೈದ್ಯರೂ ಖಚಿತವಾಗಿ ಹೇಳುವುದಿಲ್ಲ. ಆದರೆ ದಾರದಕ್ಕನಿಗೆ ಲೆಕ್ಕ ಬರುತ್ತದೆ. ಭಾನುವಾರದಿಂದ ಗುರುವಾರಕ್ಕೆ ನಾಲ್ಕೇ ದಿನ.

ಅವರು ಆ ಮನೆಗೆ ಹೋದರು. ತಂಗಿ ಬೇಡವೆಂದರೂ ಕೇಳದೆ, ಅವಳನ್ನೂ ಎಳೆದುಕೊಂಡು ಹೋದರು. ಮೂರನೆಯ ಮಹಡಿ, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಚಾಲಕನ ಖಾಕಿ ಅಂಗಿ. ಹೆಂಡತಿ ಗುರುತು ಹಿಡಿದಳು. ನಮ್ಮವರಿಗೆ ಕೂರೋಕೆ ಸ್ಟೂಲು ಕೊಟ್ಟ ಅಕ್ಕ ಇವರು ಎಂದು ಬಂದವರಿಗೆಲ್ಲ ಪರಿಚಯಿಸಿದಳು, ಟೀ ಕೊಟ್ಟಳು. ದಾರದಕ್ಕ ಹೇಳಬೇಕೆಂದು ಹೋದದ್ದನ್ನು ಹೇಳಲಾಗಲಿಲ್ಲ. ಟೀ ಕುಡಿದು ಬಂದರು. “ಆ ಟೀ ಗಂಟಲಲ್ಲಿ ಇಳೀಲಿಲ್ಲ. ಈಗ್ಲೂ ಇಳಿದಿಲ್ಲ” ಎನ್ನುತ್ತಾರೆ.

ಈಗ ಕಂಬಿಯ ಮೇಲೆ ಒಂದು ಕ್ಯಾಮೆರಾ ಕೂತಿದೆ. ಅದರ ಅಂಕಿಯೂ ಮನುಷ್ಯರ ಅಂಕಿಯೂ ಹೊಂದುತ್ತವೆಯೇ ಎಂದು ನೋಡಲು ಎರಡು ತಿಂಗಳು ಅದೂ ದಾರದಕ್ಕನೂ ಒಟ್ಟಿಗೆ ಅಳೆಯಬೇಕೆಂದು ಮೇಡಂ ಹಟ ಹಿಡಿದು ಆಡಳಿತದವರನ್ನು ಒಪ್ಪಿಸಿದ್ದಾರೆ. ಈ ತಿಂಗಳ ಕೊನೆಗೆ ಆ ಎರಡು ತಿಂಗಳು ಮುಗಿಯುತ್ತದೆ, ದಾರದಕ್ಕನ ಕೆಲಸವೂ ಮುಗಿಯುತ್ತದೆ. ಪೊರೆ ತೆಗೆಸಿದ ಕಣ್ಣಿನ ಅಂಕಿಗಳೂ ಕ್ಯಾಮೆರಾದ ಅಂಕಿಗಳೂ ಇಲ್ಲಿಯವರೆಗೆ ನಲವತ್ತೆಂಟರಲ್ಲೂ ಒಂದೇ ಬರುತ್ತಿವೆ. ಹಳೆಯ ಆರು ಸಾವಿರದ ಎಂಟುನೂರು ದಿನಗಳ ಲೆಕ್ಕವನ್ನು ಎಸೆಯಬೇಕಿಲ್ಲ ಎಂದು ವಾದಿಸಲು ಮೇಡಂ ಕೈಯಲ್ಲಿರುವ ಆಧಾರ ಅದೊಂದೇ. ಮೇಲಿನವರು ಇನ್ನೂ ಒಪ್ಪಿಲ್ಲ.

ಏಳು ಇಪ್ಪತ್ತೈದು. ನಲವತ್ತೆಂಟನೆಯದು ಮುಗಿಯುತ್ತದೆ. ಪುಸ್ತಕ ಮುಚ್ಚಿ, ದಾರದಕ್ಕ ಬಲಗಣ್ಣನ್ನು ಸೆರಗಿನ ತುದಿಯಿಂದ ಒತ್ತಿಕೊಳ್ಳುತ್ತಾರೆ. ಪತ್ರಿಕೆಯಲ್ಲಿ ನಾಲ್ಕು ಒಳ್ಳೆಯ ಮಾತು ಬಂದರೆ ಅವರಿಗೂ ಅನುಕೂಲ, ಮೇಡಂ ವಾದಕ್ಕೂ ಬಲ. ಅದಕ್ಕೇ ಆ ಒಂಬತ್ತು ದಿನದ ವಿಷಯ ಬರೆಯದೆ ಬಿಡಬಹುದು, ಕಣ್ಣಿನ ತೊಂದರೆ ಎಂದಷ್ಟೇ ಹೇಳಿದರೆ ಸಾಕು ಎಂದು ಬರೆಯಲು ಬಂದವರು ಸಲಹೆ ಕೊಡುತ್ತಾರೆ. ಮೇಡಂ ಕೂಡ ಅದನ್ನೇ ಹೇಳಿದ್ದರಂತೆ. ದಾರದಕ್ಕ ಬೇಡವೆಂದು ತಲೆಯಾಡಿಸುತ್ತಾರೆ. ಅವರಿಗಿರುವುದು ಒಂದೇ ಆಸೆ, ಹಳೆಯ ಪುಸ್ತಕಗಳನ್ನು ಯಾರೂ ಎಸೆಯಬಾರದು.

“ನಾಲ್ಕು ತಿಂಗಳು ತಪ್ಪು ಮಾಡಿದ್ದು ಕಣ್ಣು. ಒಂಬತ್ತು ದಿನ ತಪ್ಪು ಬರೆದದ್ದು ನಾನು. ಎರಡನ್ನೂ ಬೇರೆ ಬೇರೆ ಬರೀರಿ, ಬಿಡಬೇಡಿ. ಅದನ್ನ ಬರೀದೇ ಬಿಟ್ರೆ, ಉಳಿದಷ್ಟೂ ದಿನ ನಾನು ಸರಿಯಾಗಿ ಬರೆದಿದ್ದೀನಿ ಅನ್ನೋದನ್ನ ಯಾರು ನಂಬ್ತಾರೆ?”